ಎರೆಹುಳು ಬಿಟ್ಟ ಸೀಸ

"ಆ ಮಣ್ಣು ಮುಟ್ಬೇಡಿ!"

ಮೋಕ್ಷಿತಾ ಬೆಚ್ಚಿ ಕೈ ಹಿಂದೆಗೆದಳು. ಮುಳ್ಳೇರಿಯದ ಆ ಪಾಳು ಶೆಡ್ಡಿನ ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಅವನ ಕಣ್ಣಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು.

"ಮುಟ್ಲಿಕ್ಕೇ ಬಂದದ್ದು ಮಾರಾಯ್ರೆ! ಲ್ಯಾಬಿನಿಂದ. ಎರೆಹುಳು ಮಣ್ಣಿನ ಸೀಸ ಎಷ್ಟು ಹೀರ್ತದೆ ಅಂತ ನೋಡ್ಲಿಕ್ಕೆ."

"ಹಾಗಾದ್ರೆ ಕೈ ತೊಳೆದು ಹೋಗಿ," ಎಂದು ಆ ಯುವಕ, ವಿಖ್ಯಾತ್, ನಲ್ಲಿ ತೋರಿಸಿದ.

ಅವನ ಅಪ್ಪ ಅಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಆ ಅಂಗಳದಲ್ಲೇ ಆಡಿದ ತಂಗಿ ಅಕ್ಷಯಾ ಆ ಸೀಸದ ವಿಷಕ್ಕೆ ಏಳು ವರ್ಷಕ್ಕೇ ಹೋಗಿಬಿಟ್ಟಳು. ಈಗ ಅಪ್ಪನೂ ಇಲ್ಲ. ಆದರೂ ಸಂಜೆಯಾದರೆ ವಿಖ್ಯಾತ್ ನಲ್ಲಿ ತಿರುಗಿಸಿ ಖಾಲಿ ಅಂಗಳದತ್ತ ಕರೆಯುತ್ತಿದ್ದ.

"ಅಕ್ಷೂ, ಕೈ ತೊಳೆ ಬಾ..."

ಮೊದಲ ಸಲ ಕೇಳಿದಾಗ ಮೋಕ್ಷಿತಾಳ ಮೈ ಜುಮ್ಮೆಂದಿತು. ಯಾರೋ ಓಡಿಬರುವ ಸದ್ದಿಗೆ ಅವಳೂ ಕಿವಿಗೊಟ್ಟಿದ್ದಳು! ಆಮೇಲಾಮೇಲೆ ಆ ಕರೆ ಕೇಳದೆ ಹೊರಡಲು ಮನಸ್ಸೇ ಬರುತ್ತಿರಲಿಲ್ಲ. ಮಣ್ಣು ಪರೀಕ್ಷೆಗೆ ದಿನಾ ಬರಬೇಕೆಂದು ಯಾವ ಲ್ಯಾಬೂ ಹೇಳುವುದಿಲ್ಲ, ಮೋಕ್ಷಿತಾ ಮಾತ್ರ ದಿನಾ ಬಂದಳು.

ಹತ್ತು ಡಬ್ಬಗಳಿಗೆ ಶೆಡ್ಡಿನ ಕಪ್ಪು ಮಣ್ಣು ತುಂಬಿ, ಎರೆಹುಳು ಬಿಟ್ಟು, ಪಕ್ಕದ ಅವನ ಮನೆಯ ಜಗಲಿಯಲ್ಲಿಟ್ಟಳು. "ಒಂದು ತಿಂಗಳು ನೀರು ಚಿಮುಕಿಸಿದ್ರೆ ಸಾಕು. ಬೇರೆ ಎಂತದೂ ಮಾಡ್ಬೇಡಿ. ಅಷ್ಟರವರೆಗೆ ನಾನೂ ತೆಗೆದು ನೋಡುವುದಿಲ್ಲ."

ತಿಂಗಳು ಕಳೆದು ಮುಚ್ಚಳ ತೆಗೆದರೆ... ಹತ್ತರಲ್ಲೂ ಕೆಂಪು ಮಣ್ಣು!

"ಮಣ್ಣು ಬದಲಾಯಿಸಿದ್ದೀರಾ? ಅಪ್ಪನ ತಪ್ಪು ಮುಚ್ಚಿಹಾಕ್ಲಿಕ್ಕಾ?"

ವಿಖ್ಯಾತ್ ಬಗ್ಗಿ ಮುಚ್ಚಳಗಳನ್ನು ಒಂದೊಂದಾಗಿ ಮತ್ತೆ ಹಾಕಿದ. ಅವಳು ಡಬ್ಬಗಳನ್ನು ಆಟೋಗೆ ತುಂಬಿ ಅಳುತ್ತಾ ಹೊರಟುಹೋದಳು.

ಲ್ಯಾಬಿನಲ್ಲಿ ಡಬ್ಬ ತಿರುಗಿಸಿದಾಗ ಅಡಿಯಲ್ಲಿ ಅವನ ಅಕ್ಷರ ಕಂಡಿತು. 'ಆರನೇ ತಾರೀಕಿಗೆ ಒಳ್ಳೆ ಮಣ್ಣಿಗೆ ಹಾಕಿದೆ.' ಇನ್ನೊಂದರಲ್ಲಿ, 'ಏಳಕ್ಕೆ.' ಒಂದೊಂದಕ್ಕೂ ಒಂದೊಂದು ತಾರೀಕು! ಅಳೆದು ನೋಡಿದಳು. ಮೊದಲು ಒಳ್ಳೆಯ ಮಣ್ಣು ಸೇರಿದ ಹುಳುಗಳಲ್ಲಿ ಸೀಸ ಕಡಿಮೆ, ಕೊನೆಗೆ ಸೇರಿದವುಗಳಲ್ಲಿ ಹೆಚ್ಚು. ದಿನದಿನವೂ ಅವು ಸೀಸ ಬಿಡುತ್ತಾ ಬಂದಿದ್ದವು.

'ಮುಚ್ಚಿಹಾಕುವವನು ತಾರೀಕು ಬರೆದಿಡುತ್ತಾನೆಯೇ? ಎಂಥ ಮಾತು ಆಡಿಬಿಟ್ಟೆ!'

ಮರುದಿನ ಸಂಜೆ ಅವಳು ಮತ್ತೆ ಆ ಅಂಗಳದಲ್ಲಿದ್ದಳು.

"ಯಾಕೆ ಹೇಳ್ಲಿಲ್ಲ ನೀವು?"

"ಎಂತ ಹೇಳುವುದು? ಬೇಡ ಅಂದದ್ದನ್ನೇ ಮಾಡಿದ್ದೆ. ಅವು ಆ ಮಣ್ಣಲ್ಲಿ ಹೊರಳುವುದು ನೋಡ್ಲಿಕ್ಕಾಗ್ಲಿಲ್ಲ... ಅಡೂರಿನ ಅತ್ತೆಯ ಗುಡ್ಡೆಯಿಂದ ಮಣ್ಣು ತಂದೆ. ಬಸ್ಸಲ್ಲಿ ದಿನಕ್ಕೆ ಒಂದೇ ಚೀಲ ಬಿಡ್ತಾರೆ." ಅವನು ಅಕ್ಷಯಾ ಆಡುತ್ತಿದ್ದ ಅಂಗಳದತ್ತ ನೋಡಿದ. "ಅವಳನ್ನೂ ಹಾಗೆ ಎತ್ತಿ ಬೇರೆ ಕಡೆ ಇಡ್ಬೇಕಿತ್ತು. ಆಗ ಗೊತ್ತಾಗ್ಲಿಲ್ಲ."

ಮೋಕ್ಷಿತಾ ಅಳು ತಡೆದುಕೊಳ್ಳಲಿಲ್ಲ.

"ಹುಳುಗಳು ಸೀಸ ಪೂರ್ತಿ ಬಿಟ್ಟವಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ. ಸ್ವಲ್ಪ ಒಳಗೇ ಉಳೀತದೆ. ಆದ್ರೂ ಬದುಕ್ತವೆ."

"ನನ್ನೊಳಗೂ ಉಳೀತದೆ ಮೋಕ್ಷಿತಾ. ಈ ಕರೆಯುವುದು ನಿಲ್ಲುವುದಿಲ್ಲ."

"ನಿಲ್ಲಿಸಿ ಅಂತ ಹೇಳಿದ್ದಾ ನಾನು? ನನಗೆ ನೀವು ಬೇಕು... ಆ ಕರೆಯೂ ಸೇರಿ!"

ವಿಖ್ಯಾತ್ ನಲ್ಲಿ ತಿರುಗಿಸಿದ. ಸ್ವರ ಮಾತ್ರ ಹೊರಡಲಿಲ್ಲ. ಮೋಕ್ಷಿತಾಳೇ ಅಂಗಳಕ್ಕೆ ತಿರುಗಿ ಕರೆದಳು.

"ಅಕ್ಷೂ, ಕೈ ತೊಳೆ ಬಾ..."

ನೀರು ಸುರಿಯುತ್ತಲೇ ಇತ್ತು. ಅವಳು ನಲ್ಲಿಯ ಪಕ್ಕ ಪುಟ್ಟ ಹುಡುಗಿಯೊಬ್ಬಳು ನಿಲ್ಲುವಷ್ಟು ಜಾಗ ಬಿಟ್ಟು ನಿಂತಳು.

"ನೀನೂ ಬಾ," ಎಂದ ವಿಖ್ಯಾತ್. ಅವಳನ್ನು ನೀನು ಎಂದದ್ದು ಅದೇ ಮೊದಲು.

"ಬಂದೆ," ಎಂದು ಮೋಕ್ಷಿತಾ ಕೈಯೊಡ್ಡಿದಳು.