ಎಕ್ಸ್‌ರೇ ತೆಗೆಯುವಾಗ ಕೇಳಿದ ಪ್ರಶ್ನೆ

"ಇದನ್ನ ಮೆತ್ತಗೆ ಕಚ್ಚಿ ಹಿಡ್ಕೊಳಿ. ಅಲ್ಲಾಡ್ಬೇಡಿ."

ಮಂಗಳಗೌರಿ ಕಚ್ಚಿ ಹಿಡಿದಳು. ಎದೆ ಮಾತ್ರ ಅವಳ ಹಿಡಿತಕ್ಕೆ ಸಿಗಲಿಲ್ಲ. ಎದುರಿಗಿದ್ದ ಹಲ್ಲಿನ ಡಾಕ್ಟರು ವೃಷಭೇಂದ್ರ, ಹೋದ ವಾರ ಪಣಕಹಳ್ಳಿಯ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದವನೇ!

ಅವತ್ತು ಮುಂದಿನ ಹಲ್ಲಿನ ನೋವಿಗೆ ಅವಳು ತುಟಿ ಬಿಚ್ಚಿರಲಿಲ್ಲ. ಅದಕ್ಕೇ ಇವತ್ತು ಅಪ್ಪ ತಾಳವಾಡಿಯ ಅವನ ಕ್ಲಿನಿಕ್ಕಿಗೇ ಕರೆತಂದಿದ್ದರು.

ಯಂತ್ರವನ್ನು ಅವಳ ಮುಖದ ಬಳಿ ಸರಿಸಿದ ವೃಷಭೇಂದ್ರ, ತಡೆಯಲಾರದೆ ಕೇಳಿಯೇಬಿಟ್ಟ.

"ಅವತ್ತು ನೀವು ಒಂದು ಮಾತೂ ಆಡ್ಲಿಲ್ಲ. ಈ ಸಂಬಂಧ... ನಿಮ್ಗೆ ಒಪ್ಗೆನಾ?"

ಬಾಯಿಗೆ ಎಕ್ಸ್‌ರೇ ಸೆನ್ಸರ್ ಇಟ್ಟ ಮೇಲೆ ಪ್ರಶ್ನೆ ಕೇಳುವುದು ಹಲ್ಲಿನ ಡಾಕ್ಟರುಗಳ ಹುಟ್ಟುಗುಣ. ಸುಟ್ಟರೂ ಹೋಗದು!

ಅವಳು 'ಹೂಂ' ಅನ್ನಲು ಹೊರಟಳು. ಆದರೆ ಈ ಬೆಟ್ಟದವರ ನಾಲಿಗೆಗೆ ಮೊದಲೇ ಹಕಾರ ಹತ್ತುವುದಿಲ್ಲ. ಅದು 'ಊಂ' ಆಗಿ, ನೋವಿಗೆ ನಡುವೆ ತುಂಡಾಗಿ, 'ಉ... ಊಂ' ಎಂದು ಹೊರಬಿತ್ತು.

ಅವನ ಮುಖ ಸಪ್ಪಗಾಯಿತು. "ಸರಿ," ಎಂದ.

ಕಂಪ್ಯೂಟರಿನ ಮೇಲೆ ಹಲ್ಲಿನ ಚಿತ್ರ ಮೂಡಿತು.

"ಹೊರಗಿಂದ ಚೆನ್ನಾಗೇ ಇದೆ. ಬೇರಿನ ತುದೀಲಿ ಕಪ್ಪಗೆ ಕಾಣ್ತದಲ್ಲ, ಅಲ್ಲಿ ಕೆಟ್ಟಿದೆ. ಬೇರಿನ ಚಿಕಿತ್ಸೆ ಮಾಡೋಣ. ಆಗ್ಲೂ ಉಳೀದಿದ್ರೆ ಕೀಳ್ಬೇಕು."

ಅವನು ಅವಳ ಕಡೆ ತಿರುಗಲೇ ಇಲ್ಲ.

'ಇವರಿಗೇನಾಯ್ತು? ಹಲ್ಲು ನೋಡಿ ನಾನೇ ಬೇಡವಾದೆನಾ...?'

ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅಷ್ಟರಲ್ಲಿ ಅಪ್ಪನ ಫೋನು ಬಡಿದುಕೊಂಡಿತು. ಮಾತು ಮುಗಿಸಿದ ಅಪ್ಪ ಮೆಲ್ಲಗೆ ಹೇಳಿದರು.

"ಉಡ್ಗನ ಅವ್ವ ಕಣವ್ವ. ನಿಂಗೆ ಇಷ್ಟ ಇಲ್ವಂತಲ್ಲ. ಸಂಬಂದ ಬುಟ್ಬುಡವ ಅಂತವ್ರೆ."

"ನಾನೆಲ್ಲಪ್ಪ ಅಂಗಂದೆ?"

ಆಗ ಹೊಳೆಯಿತು. ಆ ಹಾಳು 'ಉ... ಊಂ' ಅವರ ಕಿವಿಗೆ 'ಊಹೂಂ' ಆಗಿ ಬಿದ್ದಿತ್ತು! ಪಣಕಹಳ್ಳಿ ಬಸ್ಸು ಬಂದು ನಿಂತರೂ ಹತ್ತದೆ ಅವಳು ಕ್ಲಿನಿಕ್ಕಿಗೆ ಓಡಿದಳು.

"ನೋವು ಜಾಸ್ತಿ ಆಯ್ತಾ?" ವೃಷಭೇಂದ್ರ ಗಾಬರಿಯಿಂದ ಎದ್ದ.

"ನಾನು ಒಪ್ಗೆ ಅಂದಿದ್ದು ಡಾಕ್ಟ್ರೇ. ನೀವು ಬಂದೋದಾಗಿಂದ ನಂಗೆ ನಿದ್ದೆ ಇಲ್ಲ. ಅದು ಬರೀ ಅಲ್ಲುನೋವಿಗಲ್ಲ."

ಇಷ್ಟು ಹೇಳಿದ ಮೇಲೆ ಅವಳಿಗೆ ಇನ್ನೊಂದು ಭಯ ಹತ್ತಿತು. ಅದನ್ನೂ ಕೇಳಿಬಿಟ್ಟಳು.

"ಈಗ ನೀವೇ ಯೋಳಿ. ಬೇರು ಕೆಟ್ಟದೆ. ಮುಂದ್ಲ ಅಲ್ಲೇ ಓದ್ರೂ... ನಾನು ಬೇಕಾ?"

ಓದಿ ಕಲಿತ ಕನ್ನಡವೆಲ್ಲ ಆ ಗಳಿಗೆಯಲ್ಲಿ ವೃಷಭೇಂದ್ರನಿಗೆ ಮರೆತುಹೋಯಿತು.

"ಅಲ್ಲು ಓದ್ರೆ ಓಗ್ಲಿ," ಎಂದ. "ನೀವು ಓಗ್ಬ್ಯಾಡಿ."

"ಎಲ್ಗೂ ಓಗಕಿಲ್ಲ," ಎಂದಳು ಮಂಗಳಗೌರಿ, ಕಣ್ಣೊರೆಸಿಕೊಳ್ಳುತ್ತಾ. "ಮೊದ್ಲು ನಿಮ್ಮವ್ವಂಗೆ ಫೋನ್ ಮಾಡಿ."