ಹಾದಿಗೆ ಅಡ್ಡ ಇಟ್ಟ ಸೊಪ್ಪು

ಕಂಡದ್ದನ್ನಷ್ಟೇ ಬರೆಯುತ್ತೇನೆ. ೧೯೩೮ರ ದಸರೆ ಮುಗಿದ ವಾರ. ನನ್ನವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಮೈದುನ ಬಾಳಕೃಷ್ಣ ನನ್ನನ್ನು ಕಲಘಟಗಿ ಕಡೆಯ ಕಾಡಿಗೆ ಕರೆದುಕೊಂಡು ಹೋದ. ಮಳೆ ನಿಂತ ಮೇಲೆ ಧಾರವಾಡದ ಏಳೆಂಟು ಮಾಸ್ತರರು ಅಲ್ಲಿಯ ಕೆರೆಯವರೆಗೆ ನಡೆದುಹೋಗುವುದು ಪ್ರತಿ ವರ್ಷದ ರೂಢಿ. ಹಾದಿ ಕವಲೊಡೆದಲ್ಲೆಲ್ಲ ಮುಂದಿನವರು ಸೊಪ್ಪಿರುವ ಹಸಿ ಟೊಂಗೆ ಮುರಿದು, ಹೋಗಬಾರದ ಹಾದಿಗೆ ಅಡ್ಡ ಇಡುತ್ತಾರೆ. ಆ ಕೆಲಸ ಯಾವಾಗಲೂ ನನ್ನವರದಾಗಿತ್ತು.

"ವೈನಿ, ಹಿಂದ ಉಳಿದ್ರ ಬುತ್ತಿ ಖಾಲಿ ಆಗಿರ್ತದ ನೋಡ್ರಿ," ಎಂದು ನಗುತ್ತ ಬಾಳಕೃಷ್ಣ ಎಲ್ಲರೊಡನೆ ಮುಂದಾದ. ನಾನು ಬೇಕೆಂದೇ ಹಿಂದುಳಿದೆ.

ಮೂರು ಕವಲಿನಲ್ಲೂ ಸೊಪ್ಪು ಇತ್ತು. ಮುರಿದ ಕಡೆ ಹಾಲು ಇನ್ನೂ ಒಸರುತ್ತಿತ್ತು. ಮಧ್ಯಾಹ್ನದ ಬಿಸಿಲಿದ್ದರೂ ಎಲೆಗಳು ಬಾವಿಯ ನೀರಿನಷ್ಟು ತಣ್ಣಗಿದ್ದವು. ಮುಂದೆಲ್ಲೋ ಟೊಂಗೆ ಮುರಿಯುವ ಸದ್ದು ಕೇಳಿಸಿತು. ಮಾತು ಮಾತ್ರ ಕೇಳಿಸಲಿಲ್ಲ.

ಕೆರೆಯ ದಂಡೆಯ ಮೇಲೆ ಯಾರೂ ಇರಲಿಲ್ಲ. ಅರ್ಧ ತಾಸಿನ ಮೇಲೆ ಅವರೆಲ್ಲ ನನ್ನ ಹಿಂದಿನಿಂದ ಬಂದರು.

"ಮೊದಲನೇ ಕವಲಿನ್ಯಾಗ ನಾವ ದಾರಿ ತಪ್ಪಿದ್ವಿ," ಎಂದ ಬಾಳಕೃಷ್ಣ. "ತಿರುಗಿ ಬಂದು ನೋಡಿದ್ರ ಸೊಪ್ಪಿತ್ತು. ನೀವ ಇಟ್ರೇನ್ರಿ?"

ನಾನು ಹೂಂ ಎಂದೆ.

ಮರಳುವಾಗ ನಾನೇ ಮುಂದಿದ್ದೆ. ಕೆರೆ ಬಿಟ್ಟ ಮೇಲಿನ ಮೊದಲ ಕವಲಿನಲ್ಲಿ ಸೊಪ್ಪು ಜಾಗ ಬದಲಿಸಿತ್ತು. ಈಗ ಅದು ಊರಿನ ಹಾದಿಗೆ ಅಡ್ಡ ಬಿದ್ದಿತ್ತು. ಕಾಡಿನೊಳಗೆ ಹೋಗುವ ಹಾದಿ ತೆರೆದಿತ್ತು.

"ಯಾಕ ನಿಂತ್ರಿ, ವೈನಿ?" ಎಂದು ಬಾಳಕೃಷ್ಣ ಹಿಂದಿನಿಂದ ಕೂಗಿದ.

ನಾನು ಸೊಪ್ಪನ್ನು ದಾಟಿ ಮನೆಗೆ ಬಂದೆ. ನನ್ನವರ ಮಾತನ್ನು ನಾನು ಮೀರಿದ್ದು ಅದೊಂದೇ ಸಲ.