ಉಗಿ ಇಳಿಯುವ ಮುನ್ನ

ರಾಣೆಬೆನ್ನೂರು ಸ್ಟೇಷನ್ನಿನ ಕೊನೆಯ ಬೆಂಚಿನಲ್ಲಿ ದುರುಗೇಶ ಮೊದಲೇ ಬಂದು ಕೂತಿದ್ದ. ಮೊಣಕಾಲ ಮೇಲೆ ಒಂದು ಫೈಲು. ಬ್ಯಾಡಗಿಯಿಂದ ಬಸ್ಸಿನಲ್ಲಿ ಬಂದ ನೀಲಾ, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

“ನಡುವ ಯಾರ್ ಕುಂದ್ರಾವ್ರು?” ಅಂದ.

“ನಿನ್ನ ಫೈಲು.”

ಅವನು ಫೈಲನ್ನು ನಡುವೆ ಇಟ್ಟ. ನಗಲಿಲ್ಲ.

ಘಟ್ಟದಾಚೆಯ ಅಣುಸ್ಥಾವರದಲ್ಲಿ ಇಬ್ಬರದೂ ಒಂದೇ ಪಾಳಿ. ಅಲ್ಲಿ ಅವನು ಪಾಳಿಯ ಮುಖ್ಯಸ್ಥ, ಅವಳಿಗೆ ‘ಸರ್’. ಇಲ್ಲಿ, ತಿಂಗಳಿಗೊಂದು ಭಾನುವಾರ, ಅವಳು ‘ನೀ’ ಅನ್ನುತ್ತಾಳೆ. ಮೊದಲ ಸಲ ಅಂದಾಗ ಅವನ ಕಿವಿ ಕೆಂಪಾಗಿದ್ದು ಅವಳಿಗಿನ್ನೂ ನೆನಪಿದೆ.

ಬುಧವಾರ ಅಣಕು ಕವಾಯತು ನಡೆದಿತ್ತು. ತರಬೇತಿ ಕೋಣೆಯ ಕಂಪ್ಯೂಟರಿನಲ್ಲಿ ಮಾತ್ರ ಸಂಭವಿಸುವ ದೊಡ್ಡ ಅಪಘಾತ. ಇಂಧನ ಕರಗಿತು. ಕಾದ ಲೋಹಕ್ಕೆ ಉಗಿ ತಾಗಿ ಹೈಡ್ರೋಜನ್ ಹುಟ್ಟಿ, ಕಾಂಕ್ರೀಟಿನ ಕಟ್ಟಡದ ತುಂಬ ಹರಡಿತು. ಉಗಿ ದಟ್ಟವಾಗಿರುವ ತನಕ ಆ ಅನಿಲ ಹೊತ್ತಿಕೊಳ್ಳದು. ಅಷ್ಟರಲ್ಲಿ ಗೋಡೆಯ ಪೆಟ್ಟಿಗೆಗಳೊಳಗಿನ ತಗಡುಗಳು ಅದನ್ನು ಬೆಂಕಿಯಿಲ್ಲದೆ, ನಿಧಾನಕ್ಕೆ ನೀರಾಗಿಸುತ್ತವೆ. ಅವಕ್ಕೆ ಸಮಯ ಕೊಡಬೇಕು.

ಒತ್ತಡ ಏರುತ್ತಿತ್ತು. ದುರುಗೇಶ ಅವಸರ ಮಾಡಿದ. ತಣ್ಣೀರು ಸಿಂಪಡಿಸಿ ಅಂದ.

ನೀಲಾ ಪಾಳಿಯ ವಿಶ್ಲೇಷಕಿ; ಅಳತೆಗಳ ಪರದೆ ಅವಳ ಮುಂದಿತ್ತು. ತಣ್ಣೀರು ಬಿದ್ದರೆ ಉಗಿ ಇಳಿಯುತ್ತದೆ, ಹೈಡ್ರೋಜನ್ ಉಳಿಯುತ್ತದೆ, ಒಂದು ಕಿಡಿ ಸಾಕು. ಅವಳಿಗೆ ಗೊತ್ತಿತ್ತು. ಎದುರಿಗೆ ಅವನ ಬೆವೆತ ಕತ್ತು, ಸುತ್ತ ಹನ್ನೊಂದು ಜನ. ಅವಳು ಬಾಯಿ ಬಿಡಲಿಲ್ಲ. ನಾಲ್ಕು ನಿಮಿಷದಲ್ಲಿ ಪರದೆಯ ಮೇಲೆ ಕಟ್ಟಡ ಸಿಡಿಯಿತು.

“ಓದು,” ಅಂದ ದುರುಗೇಶ. “ನಾಳೆ ಕಮಿಟಿಗೆ ಕೊಡಬೇಕು. ನಿನ್ನ ಸಹಿ ಬೇಕು.”

ವರದಿಯಲ್ಲಿ ಹೀಗಿತ್ತು: ವಿಶ್ಲೇಷಕಿ ಎಚ್ಚರಿಸಿದ್ದರು, ಪಾಳಿಯ ಮುಖ್ಯಸ್ಥ ಕಡೆಗಣಿಸಿದರು.

“ನಾ ಏನೂ ಅಂದಿಲ್ಲ.”

“ಅಲಾರಾಂ ಗದ್ದಲದಾಗ ಯಾರಿಗೆ ಏನ್ ಕೇಳಸೇತಿ? ಹಿಂಗ ಬರದ್ರ ನನ್ನ ಪ್ರಮೋಷನ್ ಒಂದೀಟು ತಡಾ ಆಗತೈತಿ, ಅಷ್ಟ. ಖರೇ ಬರದ್ರ ನಿನ್ನ ಆ ಕುರ್ಚಿಯಿಂದ ಎಬ್ಬಿಸಿ ಬ್ಯಾರೆ ಊರಿಗೆ ಹಾಕ್ತಾರ.”

ನೀಲಾ ತನ್ನ ಅಂಗೈ ನೋಡಿಕೊಂಡಳು.

“ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದಾಗ ಕೈ ಉರೀತಿದ್ವು. ನಾ ಸಣ್ಣಾಕಿ, ನೀರು ಸುರುವಾಕ ಹೋಗ್ತಿದ್ದೆ. ‘ನೀರು ಹಾಕಿದ್ರ ಖಾರ ಹಬ್ಬತೈತಿ, ಹುಚ್ಚಿ. ಎಣ್ಣಿ ಹಚ್ಚು, ತಡಿ’ ಅಂತಿದ್ಲು. ಏಳು ವರ್ಷದಾಗ ಕಲ್ತಿದ್ದೆ, ಅವಸರಾ ಮಾಡಿ ತಂಪು ಮಾಡಬಾರ್ದಂತ. ಬುಧವಾರ ಹೇಳಾಕ ಆಗಲಿಲ್ಲ.”

“ಯಾಕ?”

ಗೂಡ್ಸ್ ಗಾಡಿಯೊಂದು ನಿಲ್ಲದೆ ಹೋಯಿತು. ಅದರ ಸದ್ದು ಪೂರ್ತಿ ಆರುವ ತನಕ ಅವಳು ಕಾದಳು.

“ಮಂದಿ ಮುಂದ ನಿನಗ ತಪ್ಪು ಅನ್ನಬೇಕಾಗಿತ್ತು. ಆ ಜಾಗಾದಾಗ ಬ್ಯಾರೆ ಯಾರರೆ ಇದ್ದಿದ್ರ ಅಂತಿದ್ದೆ.”

ದುರುಗೇಶ ಅವಳತ್ತ ತಿರುಗಿದ. ಎರಡು ವರ್ಷದಲ್ಲಿ ಇಬ್ಬರೂ ಆ ಮಾತು ಆಡಿರಲಿಲ್ಲ. ಈಗ ಅದನ್ನು ಕೇಳಿ ಖುಷಿಪಡಬೇಕೋ ಹೆದರಬೇಕೋ ಅವನಿಗೆ ತಿಳಿಯಲಿಲ್ಲ. ಅವನ ಕಿವಿ ಮಾತ್ರ ಕೆಂಪಾಯಿತು.

ಅವಳು ಅವನ ಜೇಬಿನಿಂದ ಪೆನ್ನು ತೆಗೆದುಕೊಂಡು ಆ ಸಾಲು ಹೊಡೆದುಹಾಕಿದಳು. ಕೆಳಗೆ ಬರೆದಳು: ‘ನನಗೆ ಗೊತ್ತಿತ್ತು. ಹೇಳಲಿಲ್ಲ. ನನ್ನನ್ನು ಬೇರೆ ಪಾಳಿಗೆ ಹಾಕಿ.’ ಸಹಿ ಮಾಡಿದಳು.

“ಖರೇನ ಆದ ದಿವಸ ನಾ ಹಿಂಗ ಸುಮ್ಕ ಕುಂತ್ರ? ಆ ಗ್ವಾಡಿ ಆಚೆ ಊರು ಅದಾವು, ದುರುಗೇಶ.”

ಅವನು ಫೈಲು ಮುಚ್ಚಿ ಮತ್ತೆ ನಡುವೆ ಇಟ್ಟ. “ಹಂಗಾದ್ರ ಭೆಟ್ಟಿ ಎಲ್ಲಿ?”

“ಪ್ಲಾಂಟಿನ ಗೇಟಿನಾಗ. ನೀ ಹೊರಗ ಬರೂಮುಂದ, ನಾ ಒಳಗ ಹೋಗೂಮುಂದ.”

“ನಮ್ಮವ್ವ ಬರೂ ವಾರ ಐರಣಿಯಿಂದ ನಿಮ್ಮನಿಗೆ ಬರ್ತೇನಿ ಅನ್ನಾಕತ್ತಾಳ. ನಿನ್ನ ಕೇಳಾಕ. ಕರಕೊಂಡು ಬರ್ಲೇನು?”

“ಬ್ಯಾಡ.”

ಅವನ ಮುಖ ಇಳಿಯಿತು.

“ಬರೂ ವಾರ ಮಾರ್ಕೆಟ್ಟಿಗೆ ಮಾಲು ಭಾಳ. ಅವ್ವನ ಕೈ ಉರೀತಿರ್ತಾವು, ಸಿಟ್ಟಿನಾಗಿರ್ತಾಳ. ಅದರ ಮುಂದಿನ ವಾರ ಬರ್ರಿ.”

“ಇದ ಮೊದಲ ಸಲ ನನಗ ಬ್ಯಾಡ ಅಂದಿ.”

“ರೂಢಿ ಮಾಡ್ಕೋ,” ಅನ್ನುತ್ತ ನೀಲಾ ನಡುವಿನ ಫೈಲನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.